ಬೆನ್ನಿಗೊಂದು ಸ್ಪ್ರಿಂಗ್: ಮುಂಬೈ ರಸ್ತೆಯಲ್ಲಿ ಕ್ರೂಸರ್ ಬೈಕಿನ ಹಿಂದಿನ ಶಾಕ್

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಮುಂಬೈಯ ಬೈಕ್ ಸವಾರರಿಗೆ ಚೆನ್ನಾಗಿ ಒಪ್ಪುತ್ತದೆ. 2009ರಲ್ಲಿ ತೆರೆದ ಬಾಂದ್ರಾ–ವರ್ಲಿ ಸೀ ಲಿಂಕ್, 2024ರ ಜನವರಿಯಲ್ಲಿ ಉದ್ಘಾಟನೆಯಾದ 21.8 ಕಿ.ಮೀ. ಉದ್ದದ ಅಟಲ್ ಸೇತು, ಅದೇ ವರ್ಷದ ಮಾರ್ಚಿನಲ್ಲಿ ವಾಹನಗಳಿಗೆ ತೆರೆದುಕೊಂಡ ಕೋಸ್ಟಲ್ ರೋಡ್ – ಈ ಮೂರರಲ್ಲೂ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಕಾರಿನವರು ಸಮುದ್ರ ನೋಡುತ್ತ ಸಾಗಿದರೆ ಬೈಕಿನವರ ಪಾಲಿಗೆ ಉಳಿಯುವುದು ಹಳೆಯ ದಾರಿಗಳೇ: ಎಲ್‌ಬಿಎಸ್ ಮಾರ್ಗದ ತೇಪೆಗಳು, ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯ ಏರುತಗ್ಗು, ಮೆಟ್ರೊ ಕಾಮಗಾರಿಯ ಪಕ್ಕದ ಇಕ್ಕಟ್ಟು, ಜಂಕ್ಷನ್‌ಗಳಲ್ಲಿ ಒಂದು ಎದ್ದು ಒಂದು ಕುಸಿದ ಪೇವರ್ ಬ್ಲಾಕ್‌ಗಳು, ಮಳೆಗಾಲದಲ್ಲಿ ನೀರು ತುಂಬಿ ಆಳವೇ ತಿಳಿಯದ ಗುಂಡಿಗಳು.

ಈ ದಾರಿಯ ಏಟನ್ನೆಲ್ಲ ಸವಾರನಿಗಿಂತ ಮೊದಲು ತಿನ್ನುವುದು ಸೀಟಿನ ಕೆಳಗೆ, ಹಿಂದಿನ ಚಕ್ರದ ಎಡಬಲಕ್ಕಿರುವ ಎರಡು ಶಾಕ್ ಅಬ್ಸಾರ್ಬರ್‌ಗಳು. ಮುಂಬೈ ಗ್ಯಾರೇಜುಗಳಲ್ಲಿ ಇವಕ್ಕೆ 'ಶಾಕಪ್' ಎನ್ನುತ್ತಾರೆ. ಕ್ರೂಸರ್ ಬೈಕ್ ಕೊಂಡವರು ಸೈಲೆನ್ಸರ್, ಹ್ಯಾಂಡಲ್, ಸೀಟು, ದೀಪ ಬದಲಿಸಲು ಧಾರಾಳವಾಗಿ ಖರ್ಚು ಮಾಡುತ್ತಾರೆ. ಶಾಕ್ ನೆನಪಾಗುವುದು ಸೊಂಟ ನೋಯಲು ಶುರುವಾದ ಮೇಲೆ. ಆಗಲೂ ಬಹಳ ಮಂದಿ ಬಣ್ಣ, ಬ್ರ್ಯಾಂಡು, ಪಕ್ಕದಲ್ಲಿ ಅಂಟಿಕೊಂಡ ಪುಟ್ಟ ಗ್ಯಾಸ್ ಡಬ್ಬಿ ನೋಡಿಯೇ ಆರಿಸುತ್ತಾರೆ. ಹಿಂದಿನ ಶಾಕ್ ಬದಲಿಸುವುದೆಂದರೆ ಮೊದಲಿಗೆ ತೂಕದ ಲೆಕ್ಕ: ನಿಮ್ಮ ತೂಕ, ಹಿಂದೆ ಕೂರುವವರ ತೂಕ, ಸಾಮಾನಿನ ತೂಕ. ಈ ಲೆಕ್ಕ ಸರಿಯಾದರೆ ಸಾಧಾರಣ ಶಾಕ್ ಕೂಡ ಬೆನ್ನನ್ನು ಕಾಯುತ್ತದೆ. ಲೆಕ್ಕ ತಪ್ಪಿದರೆ ಎಷ್ಟು ದುಬಾರಿಯದನ್ನು ತಂದರೂ ಏಟು ತಪ್ಪುವುದಿಲ್ಲ.

ಕ್ರೂಸರಿಗೇ ಏಕೆ ಹೆಚ್ಚು ಏಟು

ಕ್ರೂಸರ್‌ನ ಚೆಲುವಿರುವುದು ಅದರ ತಗ್ಗಿದ ಮೈಕಟ್ಟಿನಲ್ಲಿ. ರಾಯಲ್ ಎನ್‌ಫೀಲ್ಡ್‌ನ ಸೂಪರ್ ಮೀಟಿಯರ್ 650 ಬೈಕಿನ ಸೀಟು ನೆಲದಿಂದ 740 ಮಿ.ಮೀ. ಎತ್ತರದಲ್ಲಿದೆ. ಕುಳ್ಳಗಿರುವವರಿಗೂ ಸಿಗ್ನಲ್ಲಿನಲ್ಲಿ ಎರಡೂ ಪಾದ ಸಲೀಸಾಗಿ ನೆಲಕ್ಕೆ ತಾಗುತ್ತವೆ. ಮುಂಬೈಯ ಟ್ರಾಫಿಕ್ಕಿನಲ್ಲಿ ಇದು ದೊಡ್ಡ ಅನುಕೂಲ. ಆದರೆ ಸೀಟನ್ನು ಇಷ್ಟು ಕೆಳಗಿಳಿಸಿದಾಗ ಹಿಂದಿನ ಚಕ್ರ ಮೇಲಕ್ಕೆ ಆಡಲು ಜಾಗ ಕಡಿಮೆಯಾಗುತ್ತದೆ. ಈ ಬೈಕಿನ ಹಿಂಚಕ್ರ ಮೇಲೆ ಕೆಳಗೆ ಆಡಬಲ್ಲ ಅಂತರ 101 ಮಿ.ಮೀ. ಅದೇ ಕಂಪನಿಯ ಹಿಮಾಲಯನ್ 450 ಬೈಕಿನಲ್ಲಿ ಈ ಅಂತರ 200 ಮಿ.ಮೀ. ಅಂದರೆ ಅದೇ ಗುಂಡಿ, ಅದೇ ವೇಗ ಎಂದಿಟ್ಟುಕೊಂಡರೂ ಕ್ರೂಸರಿಗೆ ಏಟು ಅರಗಿಸಿಕೊಳ್ಳಲು ಸಿಗುವುದು ಅರ್ಧದಷ್ಟೇ ದೂರ. ಮೇಲಾಗಿ 241 ಕೆ.ಜಿ. ಸ್ವಂತ ತೂಕದ ಬೈಕು ಅದು.

ಎರಡನೆಯದು ಕೂರುವ ಭಂಗಿ. ಕ್ರೂಸರ್‌ನಲ್ಲಿ ಕಾಲು ಮುಂದಕ್ಕೆ ಚಾಚಿರುತ್ತದೆ, ದೇಹದ ಭಾರ ಹಿಂದಕ್ಕೆ ವಾಲಿರುತ್ತದೆ. ಸಾಧಾರಣ ಬೈಕಿನಲ್ಲಿ ಗುಂಡಿ ಕಂಡೊಡನೆ ಸವಾರ ಪೆಡಲಿನ ಮೇಲೆ ಭಾರ ಹಾಕಿ ಸೀಟಿನಿಂದ ತುಸು ಏಳುತ್ತಾನೆ, ಮೊಣಕಾಲು ಏಟನ್ನು ಹೀರಿಕೊಳ್ಳುತ್ತದೆ. ಕಾಲು ಮುಂದಿದ್ದರೆ ಹಾಗೆ ಏಳಲಾಗುವುದಿಲ್ಲ. ಏಟು ಸೀಟಿನಿಂದ ನೇರವಾಗಿ ಬೆನ್ನುಮೂಳೆಗೆ ಹೋಗುತ್ತದೆ. ಕುಳಿತಿರುವ ಮನುಷ್ಯನ ದೇಹ ಮೇಲೆ–ಕೆಳಗಿನ ಕಂಪನಕ್ಕೆ ಅತಿ ಹೆಚ್ಚು ಸ್ಪಂದಿಸುವುದು ಸೆಕೆಂಡಿಗೆ 4ರಿಂದ 8 ಸಲದ ಕಂಪನದಲ್ಲಿ. ಹದಗೆಟ್ಟ ರಸ್ತೆಯಲ್ಲಿ ಬಿಗಿಯಾದ ಶಾಕ್ ಇರುವ ಬೈಕಿನ ಸೀಟು ಹೆಚ್ಚುಕಡಿಮೆ ಇದೇ ಗತಿಯಲ್ಲಿ ಕುಲುಕುವುದುಂಟು. ದಿನವೂ ಮುಲುಂಡಿನಿಂದ ಲೋವರ್ ಪರೇಲ್‌ಗೋ, ಮೀರಾ ರೋಡಿನಿಂದ ಅಂಧೇರಿಗೋ ಹೋಗಿಬರುವವರ ಸೊಂಟ ಸಂಜೆಗೆ ಹಿಡಿದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದು ಶಾಕ್‌ಗಳ ವಾಲಿಕೆ. ಅಂದಕ್ಕಾಗಿ ಅನೇಕ ಕ್ರೂಸರ್‌ಗಳಲ್ಲಿ ಶಾಕ್‌ಗಳನ್ನು ಮುಂದಕ್ಕೆ ಓರೆಯಾಗಿ ಮಲಗಿಸಿರುತ್ತಾರೆ. ಓರೆ ಹೆಚ್ಚಿದಷ್ಟೂ ಚಕ್ರದ ಮೇಲೆ ಸ್ಪ್ರಿಂಗಿನ ಹಿಡಿತ ಕಡಿಮೆ. ನೆಟ್ಟಗಿದ್ದಾಗ ಕೊಡುವ ಗಡಸುತನದಲ್ಲಿ ಸುಮಾರು ಅರ್ಧವನ್ನಷ್ಟೇ ಅದೇ ಸ್ಪ್ರಿಂಗ್ 45 ಡಿಗ್ರಿ ವಾಲಿದಾಗ ಕೊಡುತ್ತದೆ. ಆದ್ದರಿಂದಲೇ ಒಂದು ಬೈಕಿಗೆ ಹೇಳಿಮಾಡಿಸಿದಂತಿರುವ ಶಾಕ್ ಇನ್ನೊಂದಕ್ಕೆ ಹೊಂದುವುದಿಲ್ಲ. ತೂತು, ಬೋಲ್ಟು ಕೂತವೆಂದ ಮಾತ್ರಕ್ಕೆ ಕೆಲಸವೂ ಕೂತಿತು ಎಂದಲ್ಲ.

ಸ್ಪ್ರಿಂಗ್ ಹೊರುತ್ತದೆ, ಎಣ್ಣೆ ತಡೆಯುತ್ತದೆ

ಶಾಕ್ ಎಂದು ನಾವು ಕರೆಯುವುದು ಎರಡು ಬೇರೆ ಸಾಧನಗಳ ಜೋಡಿ. ಹೊರಗೆ ಸುತ್ತಿಕೊಂಡಿರುವ ಸ್ಪ್ರಿಂಗ್ ಭಾರ ಹೊರುತ್ತದೆ. ಒಳಗಿನ ಕೊಳವೆಯಲ್ಲಿ ಎಣ್ಣೆ ಇದೆ, ಅದರಲ್ಲಿ ಸಣ್ಣ ರಂಧ್ರಗಳಿರುವ ಪಿಸ್ಟನ್ ಆಡುತ್ತದೆ. ಇದಕ್ಕೆ ಡ್ಯಾಂಪರ್ ಎಂದು ಹೆಸರು. ಇಂಜೆಕ್ಷನ್ ಸಿರಿಂಜಿನಲ್ಲಿ ನೀರು ತುಂಬಿ ಮೆಲ್ಲಗೆ ಒತ್ತಿದರೆ ಸಲೀಸಾಗಿ ಹೋಗುತ್ತದೆ, ಜೋರಾಗಿ ಒತ್ತಿದರೆ ಕೈಗೇ ಎದುರು ನಿಲ್ಲುತ್ತದೆ. ಡ್ಯಾಂಪರಿನ ಗುಟ್ಟು ಇಷ್ಟೇ: ಎಷ್ಟು ಆಳ ಒತ್ತಿದಿರಿ ಎಂಬುದು ಅದಕ್ಕೆ ಲೆಕ್ಕವಲ್ಲ, ಎಷ್ಟು ವೇಗವಾಗಿ ಒತ್ತಿದಿರಿ ಎಂಬುದು ಲೆಕ್ಕ.

ಡ್ಯಾಂಪರ್ ಇಲ್ಲದಿದ್ದರೆ ಸ್ಪ್ರಿಂಗ್ ತಾನು ನುಂಗಿದ ಏಟನ್ನೆಲ್ಲ ಮರುಕ್ಷಣವೇ ವಾಪಸು ಕೊಡುತ್ತಿತ್ತು. ಒಂದು ಉಬ್ಬು ದಾಟಿದ ಬೈಕು ಮುಂದಿನ ನೂರು ಮೀಟರ್ ಕುಣಿಯುತ್ತಲೇ ಹೋಗುತ್ತಿತ್ತು. ಎಣ್ಣೆ ಆ ಶಕ್ತಿಯನ್ನು ಬಿಸಿಯಾಗಿ ಬದಲಿಸಿ ಗಾಳಿಗೆ ಬಿಡುತ್ತದೆ. ಕೆಟ್ಟ ರಸ್ತೆಯಲ್ಲಿ ದೂರ ಓಡಿದ ಮೇಲೆ ಶಾಕ್ ಮುಟ್ಟಿದರೆ ಬಿಸಿ ತಾಗುವುದು ಇದಕ್ಕೇ.

ಏಟು ಬಿದ್ದಾಗ ಶಾಕ್ ಕುಗ್ಗುತ್ತದೆ, ಆಮೇಲೆ ಹಿಗ್ಗುತ್ತದೆ. ಕುಗ್ಗುವಾಗಿನ ತಡೆಗೆ ಕಂಪ್ರೆಷನ್, ಹಿಗ್ಗುವಾಗಿನ ತಡೆಗೆ ರಿಬೌಂಡ್ ಡ್ಯಾಂಪಿಂಗ್ ಎನ್ನುತ್ತಾರೆ. ಕಂಪ್ರೆಷನ್ ತಡೆ ಅತಿಯಾದರೆ ಪೇವರ್ ಬ್ಲಾಕಿನ ಅಂಚಿನಂಥ ಚೂಪು ಏಟುಗಳಿಗೆ ಶಾಕ್ ಕುಗ್ಗದೆ ಕೋಲಿನಂತೆ ನಿಂತುಬಿಡುತ್ತದೆ. ರಿಬೌಂಡ್ ತಡೆ ಕಡಿಮೆಯಾದರೆ ಸೀಟು ಹಿಂದೆ ಕೂತವರನ್ನು ಎತ್ತಿ ಎಸೆಯುತ್ತದೆ. ಅತಿಯಾದರೆ ಇನ್ನೊಂದು ಪೀಡೆ: ಸಾಲುಸಾಲಾಗಿ ಬರುವ ಉಬ್ಬುಪಟ್ಟಿಗಳ ಮೇಲೆ ಹೋಗುವಾಗ ಮೊದಲ ಏಟಿನಿಂದ ಮೇಲೇಳುವಷ್ಟರಲ್ಲಿ ಎರಡನೆಯದು ಬಿದ್ದಿರುತ್ತದೆ, ಮೂರನೆಯದಕ್ಕೆ ಇನ್ನೂ ಕೆಳಗಿಳಿದಿರುತ್ತದೆ. ಕೊನೆಗೆ ಕುಗ್ಗಲು ಜಾಗವೇ ಉಳಿಯದೆ ರಬ್ಬರ್ ತಡೆಗೆ ಧಡ್ ಎಂದು ಬಡಿಯುತ್ತದೆ.

ಎಣ್ಣೆಗೂ ಒಂದು ದೌರ್ಬಲ್ಯವಿದೆ. ಕೊಳವೆಯೊಳಗೆ ಗಾಳಿ ಜೊತೆಗಿದ್ದರೆ ಸತತ ಕುಲುಕಾಟಕ್ಕೆ ಎಣ್ಣೆ ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿಯಿಲ್ಲ. 1950ರ ದಶಕದ ಆರಂಭದಲ್ಲಿ ಫ್ರಾನ್ಸಿನ ಕ್ರಿಸ್ತಿಯಾನ್ ಬೂರ್ಸಿಯೆ ದ ಕಾರ್ಬೋನ್ ಇದಕ್ಕೆ ಪರಿಹಾರ ತಂದರು: ಒಂದೇ ಕೊಳವೆಯಲ್ಲಿ ಎಣ್ಣೆ ಒಂದು ಕಡೆ, ಒತ್ತಡದ ಅನಿಲ ಇನ್ನೊಂದು ಕಡೆ, ನಡುವೆ ಜಾರುವ ಪರದೆಯಂಥ ಬಿಲ್ಲೆ. ಒತ್ತಡದಲ್ಲಿರುವ ಎಣ್ಣೆ ಸುಲಭಕ್ಕೆ ನೊರೆಯಾಗುವುದಿಲ್ಲ. ಇಂದು 'ಗ್ಯಾಸ್ ಶಾಕ್' ಎಂದು ಮಾರಾಟವಾಗುವ ಒಳ್ಳೆಯ ಶಾಕ್‌ಗಳ ಮೂಲ ಇದು. ಪಕ್ಕದಲ್ಲಿ ಕಾಣುವ ಪುಟ್ಟ ಡಬ್ಬಿಯ ಕೆಲಸವೂ ಅದೇ: ಹೆಚ್ಚು ಎಣ್ಣೆ, ಬೇರೆಯಾಗಿಟ್ಟ ನೈಟ್ರೋಜನ್, ಬಿಸಿ ಬಿಟ್ಟುಕೊಡಲು ಹೆಚ್ಚು ಮೈ.

ಮುಲುಂಡ್, ಮೈಸೂರು, ಮದ್ರಾಸ್

ಹಿಂದಿನ ಚಕ್ರಕ್ಕೆ ಶಾಕ್ ಎಂಬುದೇ ತೀರಾ ಹಳೆಯ ಮಾತಲ್ಲ. ಎರಡನೇ ಮಹಾಯುದ್ಧದವರೆಗಿನ ಬಹುಪಾಲು ಬೈಕುಗಳಲ್ಲಿ ಹಿಂಚಕ್ರ ನೇರವಾಗಿ ಚಾಸಿಗೇ ಬಿಗಿದಿರುತ್ತಿತ್ತು. ಸೀಟಿನ ಕೆಳಗಿನ ಸ್ಪ್ರಿಂಗುಗಳೇ ಸವಾರನಿಗೆ ಗತಿ. ಇಂಗ್ಲೆಂಡಿನ ರೆಡಿಚ್‌ನ ರಾಯಲ್ ಎನ್‌ಫೀಲ್ಡ್ 1948ರಲ್ಲಿ ಸ್ವಿಂಗ್ ಆರ್ಮ್, ಅಂದರೆ ಹಿಂಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು, ಇರುವ ಬುಲೆಟ್ಟನ್ನು ಸ್ಪರ್ಧೆಗಿಳಿಸಿ, ಮರುವರ್ಷ ಮಾರುಕಟ್ಟೆಗೆ ತಂದಿತು. ಭಾರತೀಯ ಸೇನೆಗೆ ಹಿಡಿಸಿದ ಆ ಬುಲೆಟ್ ಇಲ್ಲಿಯೇ ತಯಾರಾಗಲೆಂದು 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿಕೊಂಡಿತು.

ಕನ್ನಡಿಗರಿಗೆ ಇನ್ನೂ ಹತ್ತಿರದ್ದು ಮೈಸೂರಿನ ಐಡಿಯಲ್ ಜಾವಾ. ಬಾಂಬೆಯಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಕುಟುಂಬವೇ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಆರಂಭಿಸಿತು. ಅಲ್ಲಿಂದ ಹೊರಬಂದ ಜಾವಾಗಳಿಗೆ ಹಿಂದೆ ಸ್ವಿಂಗ್ ಆರ್ಮ್, ಜೋಡಿ ಶಾಕ್ ಇದ್ದವು. 1996ರಲ್ಲಿ ಬಾಗಿಲು ಮುಚ್ಚುವವರೆಗೂ ಆ ಕಾರ್ಖಾನೆಯ ಜಾವಾ, ಯೆಜ್ಡಿಗಳು ಮಲೆನಾಡಿನ ದಾರಿಯಲ್ಲೂ ಮುಂಬೈಯ ಗಲ್ಲಿಯಲ್ಲೂ ಓಡಿದವು.

ಅದೇ 1961ರಲ್ಲಿ ಮುಂಬೈಯ ಮುಲುಂಡಿನಲ್ಲಿ ಶಾಕ್ ಅಬ್ಸಾರ್ಬರ್ ತಯಾರಿಕೆಯೇ ಮುಖ್ಯ ಕಸುಬಾದ ಕಂಪನಿಯೊಂದು ಶುರುವಾಯಿತು. ಅದು ಗೇಬ್ರಿಯಲ್ ಇಂಡಿಯಾ. ದೀಪ್ ಆನಂದ್ ಅವರು ಅಮೆರಿಕದ ಮಾರ್‌ಮಾಂಟ್ ಕಂಪನಿಯ ಸಹಯೋಗದಲ್ಲಿ ಕಟ್ಟಿದ ಸಂಸ್ಥೆಯಿದು. ಇಂದು ಮುಂಬೈಯ ಬೈಕಿಗರು ಥಾಯ್ಲೆಂಡಿನ ವೈಎಸ್‌ಎಸ್, ಸ್ವೀಡನ್ನಿನ ಓಹ್ಲಿನ್ಸ್ ಎಂದು ಹೆಸರು ಹೇಳುವಾಗ, ಈ ದೇಶದ ಶಾಕ್ ಉದ್ಯಮದ ಒಂದು ಮುಖ್ಯ ಬೇರು ಎಲ್‌ಬಿಎಸ್ ಮಾರ್ಗ ಹಾದುಹೋಗುವ ತಮ್ಮದೇ ಉಪನಗರದಲ್ಲಿದೆ ಎಂಬುದು ನೆನಪಿರಲಿ.

ಮೊದಲು ಟೇಪ್ ಹಿಡಿಯಿರಿ

ಹೊಸ ಶಾಕ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸಕ್ಕೆ ಕಾಸು ಬೇಕಿಲ್ಲ. ಭಾನುವಾರ ಬೆಳಿಗ್ಗೆ ಸೊಸೈಟಿಯ ಕಾಂಪೌಂಡಿನಲ್ಲಿ ಸಮತಟ್ಟು ಜಾಗ, ಒಂದು ಅಳತೆ ಟೇಪು, ಇಬ್ಬರು ಜೊತೆಗಾರರು ಇದ್ದರೆ ಸಾಕು.

ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಹಿಂದಿನ ಚಕ್ರ ಗಾಳಿಯಲ್ಲಿರಲಿ. ಹಿಂದಿನ ಆಕ್ಸಲ್ಲಿನ ನಡುವಿನಿಂದ ನೇರ ಮೇಲಕ್ಕೆ, ಮಡ್‌ಗಾರ್ಡ್ ಹಿಡಿದಿರುವ ಕಬ್ಬಿಣದ ಮೇಲೆ ಒಂದು ತುಂಡು ಟೇಪ್ ಅಂಟಿಸಿ ಗುರುತು ಮಾಡಿ. ಆಕ್ಸಲ್ಲಿನಿಂದ ಗುರುತಿನವರೆಗಿನ ಅಂತರ ಬರೆದುಕೊಳ್ಳಿ. ಶಾಕ್ ಪೂರ್ತಿ ಹಿಗ್ಗಿದಾಗಿನ ಅಳತೆ ಇದು. ಈಗ ಬೈಕ್ ಇಳಿಸಿ. ಹೆಲ್ಮೆಟ್, ಜಾಕೆಟ್, ಬೆನ್ನಚೀಲ ಸಮೇತ ನಿತ್ಯದಂತೆ ಹತ್ತಿ ಕೂತು ಎರಡೂ ಕಾಲನ್ನು ಪೆಡಲಿನ ಮೇಲಿಡಿ. ಒಬ್ಬರು ಮುಂದಿನಿಂದ ಹ್ಯಾಂಡಲ್ ಹಿಡಿದಿರಲಿ. ಇನ್ನೊಬ್ಬರು ಹಿಂಭಾಗವನ್ನು ಒಮ್ಮೆ ಕೆಳಗೆ ಒತ್ತಿ, ತಾನಾಗಿ ಏರಿ ನಿಂತಲ್ಲಿ ಅಳೆಯಲಿ. ಬಳಿಕ ತುಸು ಎತ್ತಿ, ತಾನಾಗಿ ಇಳಿದು ನಿಂತಲ್ಲಿ ಮತ್ತೆ ಅಳೆಯಲಿ. ಸೀಲುಗಳ ಬಿಗುವಿನಿಂದ ಎರಡು ಅಳತೆಯಲ್ಲಿ ಕೆಲವು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ, ಸರಾಸರಿ ತೆಗೆದುಕೊಂಡರಾಯಿತು. ಮೊದಲಿನ ಅಳತೆಯಿಂದ ಈ ಸರಾಸರಿ ಕಳೆದರೆ ಬರುವುದೇ ಸ್ಯಾಗ್, ಅಂದರೆ ನೀವು ಕೂತಾಗ ಬೈಕು ಕುಸಿಯುವ ಪ್ರಮಾಣ.

ಒಟ್ಟು ಆಟದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಸ್ಯಾಗ್ ಇದ್ದರೆ ಹದ. 101 ಮಿ.ಮೀ. ಆಟದ ಬೈಕಿನಲ್ಲಿ 25ರಿಂದ 33 ಮಿ.ಮೀ. ಎಂದಾಯಿತು. ಅಷ್ಟು ಕುಸಿಯಲೇಬೇಕು, ಏಕೆಂದರೆ ಗುಂಡಿ ಬಂದಾಗ ಚಕ್ರ ಕೆಳಕ್ಕೂ ಇಳಿಯಬೇಕಲ್ಲ? ಸ್ಯಾಗ್ ತೀರಾ ಕಡಿಮೆಯಿದ್ದರೆ ಚಕ್ರ ಗುಂಡಿಯ ತಳ ಮುಟ್ಟದೆ ಇಡೀ ಬೈಕೇ ಕೆಳಗೆ ಬೀಳುತ್ತದೆ. ಹೆಚ್ಚಿದ್ದರೆ ಮೇಲಕ್ಕೆ ಕುಗ್ಗಲು ಜಾಗವಿರುವುದಿಲ್ಲ.

ಇದೇ ಅಳತೆಯನ್ನು ಸವಾರನಿಲ್ಲದೆಯೂ ಒಮ್ಮೆ ತೆಗೆಯಿರಿ. ಸವಾರ ಕೂತಾಗಿನ ಸ್ಯಾಗ್ ಸರಿಯಿದ್ದು, ಖಾಲಿ ಬೈಕು ಒಂದಿಷ್ಟೂ ಕುಸಿಯದಿದ್ದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆತ್ತಗಾಯಿತು, ಬರೀ ಬಿಗಿದು ಸರಿದೂಗಿಸಲಾಗಿದೆ ಎಂದರ್ಥ. ಖಾಲಿ ಬೈಕೇ ಸಾಕಷ್ಟು ಕುಸಿದು, ನೀವು ಕೂತ ಮೇಲೆ ಹೆಚ್ಚೇನೂ ಇಳಿಯದಿದ್ದರೆ ಸ್ಪ್ರಿಂಗ್ ನಿಮಗೆ ಗಡಸಾಯಿತು. ಯಾವ ಸ್ಪ್ರಿಂಗ್ ಬೇಕು ಎಂಬುದನ್ನು ಅಂಗಡಿಯವರಿಗಿಂತ ಮೊದಲು ಈ ಎರಡು ಅಂಕಿಗಳು ಹೇಳುತ್ತವೆ.

'ಟೈಟ್' ಮಾಡಿದರೆ ಗಡಸಾಗುವುದಿಲ್ಲ

'ಭಾವು, ಹಿಂದಿನ ಶಾಕಪ್ ಟೈಟ್ ಮಾಡ್ಕೊಡಿ' ಎನ್ನುವುದು ಗ್ಯಾರೇಜುಗಳಲ್ಲಿ ದಿನವೂ ಕೇಳುವ ಮಾತು. ಟೂಲ್ ಕಿಟ್ಟಿನ ಸಿ–ಸ್ಪ್ಯಾನರ್ ಹಾಕಿ ಸ್ಪ್ರಿಂಗ್ ಕೆಳಗಿನ ಮೆಟ್ಟಿಲುಬಳೆಯನ್ನು ತಿರುಗಿಸಿದರೆ ಸ್ಪ್ರಿಂಗ್ ಮೊದಲೇ ತುಸು ಅದುಮಿಕೊಳ್ಳುತ್ತದೆ. ಇದು ಪ್ರೀಲೋಡ್. ರಾಯಲ್ ಎನ್‌ಫೀಲ್ಡ್‌ನ ಮೀಟಿಯರ್ 350 ಬೈಕಿನಲ್ಲಿ ಇಂಥ 6 ಮೆಟ್ಟಿಲುಗಳಿವೆ. ಹೀಗೆ ತಿರುಗಿಸಿದರೆ ಸ್ಪ್ರಿಂಗ್ ಗಡಸಾಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಬೇರೂರಿದೆ. ಒಂದು ಸರಳ ಲೆಕ್ಕ ಹಾಕಿ ನೋಡೋಣ.

ಒಂದು ಸ್ಪ್ರಿಂಗ್ 1 ಮಿ.ಮೀ. ಕುಗ್ಗಲು 2 ಕೆ.ಜಿ. ಭಾರ ಬೇಕು, ಶಾಕ್‌ಗಳು ನೆಟ್ಟಗಿವೆ ಎಂದಿಟ್ಟುಕೊಳ್ಳಿ. ಎರಡು ಸ್ಪ್ರಿಂಗಿಗೆ 4 ಕೆ.ಜಿ. ಆಯಿತು. ಅವುಗಳ ಮೇಲೆ 120 ಕೆ.ಜಿ. ಕೂತರೆ 30 ಮಿ.ಮೀ. ಕುಸಿತ. ಈಗ 10 ಮಿ.ಮೀ. ಪ್ರೀಲೋಡ್ ಕೊಟ್ಟರೆ ಮೊದಲ 40 ಕೆ.ಜಿ.ಗೆ ಸ್ಪ್ರಿಂಗ್ ಜಗ್ಗುವುದೇ ಇಲ್ಲ. ಉಳಿದ 80 ಕೆ.ಜಿ.ಗೆ 20 ಮಿ.ಮೀ. ಕುಸಿಯುತ್ತದೆ. ಬೈಕು 10 ಮಿ.ಮೀ. ಎತ್ತರದಲ್ಲಿ ನಿಂತಿತು. ಆದರೆ ಗುಂಡಿಯ ಏಟು ಇನ್ನೊಂದು 40 ಕೆ.ಜಿ. ಒತ್ತಿದರೆ? ಎರಡೂ ಸಂದರ್ಭದಲ್ಲಿ 10 ಮಿ.ಮೀ.ಯೇ ಕುಗ್ಗುತ್ತದೆ. ಗಡಸುತನ ಎಳ್ಳಷ್ಟೂ ಬದಲಾಗಲಿಲ್ಲ, ನಿಲ್ಲುವ ಎತ್ತರ ಮಾತ್ರ ಬದಲಾಯಿತು.

ಹಿಂದೆ 60 ಕೆ.ಜಿ. ತೂಕದವರು ಹತ್ತಿದರೆ ಅವರ ಭಾರ ಹೆಚ್ಚುಕಡಿಮೆ ಪೂರ್ತಿ ಹಿಂಚಕ್ರದ ಮೇಲೆಯೇ ಬೀಳುತ್ತದೆ. ಮೇಲಿನ ಲೆಕ್ಕದಲ್ಲಿ ಇನ್ನೂ 15 ಮಿ.ಮೀ. ಕುಸಿತ. ಪ್ರೀಲೋಡ್ ಇರುವುದು ಇದನ್ನು ಸರಿದೂಗಿಸಲಿಕ್ಕೆ. ಜೊತೆಯವರನ್ನು ಕೂರಿಸಿಕೊಂಡು ಹೋಗುವ ದಿನ ಎರಡು ಮೆಟ್ಟಿಲು ಏರಿಸಿ, ಮರುದಿನ ಒಬ್ಬರೇ ಹೋಗುವಾಗ ಇಳಿಸಿ. ಎಡಬಲ ಎರಡೂ ಒಂದೇ ಮೆಟ್ಟಿಲಲ್ಲಿರಬೇಕು. ಎಲ್ಲ ಆರೂ ಮೆಟ್ಟಿಲು ಮುಗಿದರೂ ಬೈಕು ತಳ ಹೊಡೆಯುತ್ತಿದೆ ಎಂದರೆ ಬೇರೆ ಸ್ಪ್ರಿಂಗ್ ಬೇಕೆಂದೇ ಅರ್ಥ.

ಊರಿಗೆ ಹೊರಡುವವರಿಗೆ ಈ ಮಾತು ಇನ್ನೂ ಮುಖ್ಯ. ಚೌತಿಗೋ ಮೇ ರಜೆಗೋ ಮುಂಬೈ ಕನ್ನಡಿಗರು ಬೈಕ್ ಏರಿ ಪನವೇಲ್ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಹಾಡ್, ಕಶೇಡಿ ಘಾಟ್, ಚಿಪ್ಳೂಣ್, ಸಾವಂತವಾಡಿ, ಕಾರವಾರ ಎಂದು ಉಡುಪಿ, ಮಂಗಳೂರಿಗೆ ಹೊರಡುವುದುಂಟು. ಬೆಳಗಾವಿ, ಹುಬ್ಬಳ್ಳಿ ಕಡೆಯವರು ಖಂಡಾಲದ ಹಳೆಯ ದಾರಿಯಲ್ಲಿ ಪುಣೆ ಸೇರಿ 48ನೇ ಹೆದ್ದಾರಿ ಹಿಡಿಯುತ್ತಾರೆ. ಎಕ್ಸ್‌ಪ್ರೆಸ್‌ವೇ ಕೂಡ ಬೈಕಿಗೆ ನಿಷಿದ್ಧವಲ್ಲವೇ? ಹಿಂದೆ ಒಬ್ಬರು, ಎರಡು ಪಕ್ಕ ತುಂಬಿದ ಚೀಲ: ನಗರದ ನಿತ್ಯದ ಸ್ಯಾಗ್ ಅಲ್ಲಿ ಉಳಿಯುವುದಿಲ್ಲ. ಹೊರಡುವ ಹಿಂದಿನ ದಿನವೇ ಚೀಲ ಕಟ್ಟಿ, ಇಬ್ಬರೂ ಕೂತು, ಅಳೆದು, ಪ್ರೀಲೋಡ್ ಏರಿಸಿಟ್ಟುಕೊಳ್ಳಿ. ಟೈರಿನ ಗಾಳಿಯನ್ನೂ ಇಬ್ಬರ ಭಾರಕ್ಕೆ ಕಂಪನಿ ಹೇಳಿದಷ್ಟೇ ತುಂಬಿಸಿ. ಹಿಂಭಾಗ ಕುಸಿದ ಬೈಕಿನ ಹೆಡ್‌ಲೈಟ್ ಮೇಲಕ್ಕೆದ್ದು ಎದುರಿನವರ ಕಣ್ಣು ಕುಕ್ಕುತ್ತದೆ, ಮುಂಚಕ್ರ ಹಗುರಾಗಿ ತಿರುವಿನಲ್ಲಿ ಹಿಡಿತ ಸಡಿಲವಾಗುತ್ತದೆ.

ಬದಲಿಸುವ ಹೊತ್ತು

ಮುಂಬೈಯಲ್ಲಿ ಶಾಕ್ ಬೇಗ ಸವೆಯಲು ಗುಂಡಿಗಳ ಜೊತೆ ಇನ್ನೆರಡು ಕಾರಣಗಳಿವೆ: ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ. ಶಾಕಿನ ಒಳಗಿನಿಂದ ಹೊರಬರುವ ಹೊಳೆಯುವ ಕ್ರೋಮ್ ಕಂಬಿಯನ್ನು ಒಂದು ಹಳೆ ಬನಿಯನ್ ಬಟ್ಟೆಯಿಂದ ಒರೆಸಿ, ಅದರ ಮೇಲೆ ಉಗುರನ್ನು ಮೆಲ್ಲಗೆ ಎಳೆದು ನೋಡಿ. ಕಣ್ಣಿಗೆ ಸಾಸಿವೆಗಿಂತ ಸಣ್ಣದಾಗಿ ಕಾಣುವ ತುಕ್ಕಿನ ಚುಕ್ಕೆ ಉಗುರಿಗೆ ಸಿಕ್ಕುತ್ತದೆ. ಕಂಬಿ ಒಳಗೆ ಹೊರಗೆ ಆಡುವಾಗಲೆಲ್ಲ ಆ ಚುಕ್ಕೆ ರಬ್ಬರ್ ಸೀಲನ್ನು ಕೆರೆಯುತ್ತದೆ. ಸೀಲು ಹರಿದಲ್ಲಿ ಎಣ್ಣೆ ಜಿನುಗಿ, ಅದಕ್ಕೆ ರಸ್ತೆಯ ಧೂಳು ಮೆತ್ತಿ ಕಪ್ಪು ಉಂಗುರ ಕಟ್ಟುತ್ತದೆ. ಆ ಉಂಗುರ ಕಂಡರೆ ಒಳಗೆ ತಡೆಯುವ ಎಣ್ಣೆ ಕಡಿಮೆಯಾಗಿದೆ ಎಂದೇ ತಿಳಿಯಿರಿ. ಸರ್ವಿಸ್ ಸ್ಟೇಷನ್ನಿನಲ್ಲಿ ಜೋರು ನೀರಿನ ಪೈಪನ್ನು ನೇರ ಸೀಲಿಗೆ ಹಿಡಿಯದಂತೆ ಹೇಳುವುದೂ ಒಳ್ಳೆಯದು.

ಇನ್ನೊಂದು ಪರೀಕ್ಷೆ: ಸೀಟಿನ ಹಿಂತುದಿಯನ್ನು ಎರಡು ಕೈಯಿಂದ ಜೋರಾಗಿ ಒತ್ತಿ ಬಿಡಿ. ಮೇಲೆದ್ದು ಅಲ್ಲೇ ನಿಂತರೆ ಡ್ಯಾಂಪರ್ ಜೀವಂತವಾಗಿದೆ. ಎರಡು ಮೂರು ಸಲ ತೂಗಾಡಿದರೆ ಅದರ ಆಯುಸ್ಸು ಮುಗಿದಿದೆ. ಶಾಕಿನ ಎರಡು ತುದಿಗಳಲ್ಲಿ ಬೋಲ್ಟ್ ಕೂರುವ ಕಣ್ಣುಗಳಲ್ಲಿರುವ ರಬ್ಬರ್ ಬುಷ್, ಸ್ವಿಂಗ್ ಆರ್ಮ್ ಬುಷ್ ಸವೆದಿದ್ದರೂ ಹಿಂಭಾಗ ಅಲ್ಲಾಡುತ್ತದೆ. ಇವನ್ನು ಮೊದಲೇ ನೋಡಿಸಿ. ಕೆಲವೊಮ್ಮೆ ಹೊಸ ಶಾಕ್ ಬೇಡವೇ ಬೇಡ, ಬುಷ್ ಬದಲಿಸಿದರೆ ಕೆಲಸ ಮುಗಿಯುತ್ತದೆ.

ಬದಲಿಸಲೇಬೇಕಾದರೆ ಯಾವಾಗಲೂ ಜೋಡಿಯಾಗಿ ಬದಲಿಸಿ. ಒಂದು ಹೊಸದು ಒಂದು ಹಳತಾದರೆ ಸ್ವಿಂಗ್ ಆರ್ಮ್ ಎರಡು ಪಕ್ಕದಲ್ಲಿ ಬೇರೆ ಬೇರೆ ತಡೆ ಎದುರಿಸಿ ತಿರುಚಿಕೊಳ್ಳುತ್ತದೆ. ಎರಡೂ ಕಣ್ಣುಗಳ ನಡುವಿನ ಉದ್ದ ಮೂಲದ್ದೇ ಇರಲಿ. ಉದ್ದ ಹೆಚ್ಚಿಸಿದರೆ ಹಿಂಭಾಗ ಎತ್ತಿ, ಮುಂದಿನ ಫೋರ್ಕಿನ ಓರೆ ಕಡಿಮೆಯಾಗಿ, ಕ್ರೂಸರಿನ ಗಟ್ಟಿ ನೇರನಡೆ ಹೋಗುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ಬೈಕು ಅತಿಯಾಗಿ ವಾಲುತ್ತದೆ, ಚೈನಿನ ಬಿಗಿಯೂ ಬದಲಾಗುತ್ತದೆ. ಉದ್ದ ಕಡಿಮೆ ಮಾಡಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುವ ಅಪಾಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆ ಕೂಡದು. ನಿಮ್ಮ ಮಾದರಿಗೇ ಮಾಡಿದ, ಅದೇ ಅಳತೆಯ ಶಾಕ್ ಕೊಂಡು ರಸೀತಿ ಇಟ್ಟುಕೊಳ್ಳುವುದು, ವಿಮಾ ಕಂಪನಿಗೆ ತಿಳಿಸುವುದು ಜಾಣತನ.

ಕುರ್ಲಾದ ಸಿಎಸ್‌ಟಿ ರೋಡಿನಂಥ ಬಿಡಿಭಾಗದ ಬೀದಿಗಳಲ್ಲಿ ಹೊಳೆಯುವ ಶಾಕ್‌ಗಳಿಗೆ ಬರವಿಲ್ಲ. ಪಕ್ಕದ ಡಬ್ಬಿ ಕಂಡೊಡನೆ ಮರುಳಾಗಬೇಡಿ. ಅಗ್ಗದವುಗಳಲ್ಲಿ ಅದು ಬರೀ ಅಲಂಕಾರಕ್ಕಿರುವುದೂ ಉಂಟು. ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಸ್ಪ್ರಿಂಗ್ ಎಷ್ಟು ತೂಕದ ಸವಾರನಿಗೆ ಮಾಡಿದ್ದು? ಬೇರೆ ಗಡಸುತನದ ಸ್ಪ್ರಿಂಗ್ ಸಿಗುತ್ತದೆಯೇ? ರಿಬೌಂಡ್ ತಿರುಗಿಸಿ ಹೊಂದಿಸಬಹುದೇ? ಸೀಲು ಹೋದರೆ ಬಿಚ್ಚಿ ಎಣ್ಣೆ, ಗ್ಯಾಸ್ ತುಂಬಿಸಿ ಕೊಡುವವರು ಊರಲ್ಲಿದ್ದಾರೆಯೇ? ದುಬಾರಿ ಶಾಕ್‌ಗಳ ಬೆಲೆಗೆ ಅರ್ಥ ಬರುವುದು ಈ ಕೊನೆಯ ಗುಣದಿಂದ: ಅವುಗಳನ್ನು ಬಿಚ್ಚಿ ಸರಿಪಡಿಸಬಹುದು, ಬೈಕು ಮಾರಿದರೂ ಶಾಕ್ ಉಳಿಯುತ್ತದೆ. ದಿನಕ್ಕೆ ಹತ್ತಾರು ಕಿ.ಮೀ. ಆಫೀಸಿಗೆ ಓಡಿಸುವವರಿಗೆ ಅಷ್ಟು ಖರ್ಚು ಬೇಕಿಲ್ಲ. ತೂಕಕ್ಕೆ ಹೊಂದುವ ಸ್ಪ್ರಿಂಗಿರುವ ಮಧ್ಯಮ ಬೆಲೆಯ ಗ್ಯಾಸ್ ಶಾಕ್ ಸಾಕು. ಒಂದು ಎಚ್ಚರಿಕೆ: ಗ್ಯಾಸ್ ಶಾಕ್ ಒಳಗೆ ಭಾರೀ ಒತ್ತಡವಿರುತ್ತದೆ. ಅದನ್ನು ಕೊರೆದು ಎಣ್ಣೆ ತುಂಬಿಸಿಕೊಡುತ್ತೇನೆ ಎನ್ನುವವರ ಕೈಗೆ ಕೊಡಬೇಡಿ.

ಜೋಡಿಸುವುದು ಕಷ್ಟದ ಕೆಲಸವಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂಚಕ್ರದ ಕೆಳಗೆ ಹಲಗೆ ಕೊಟ್ಟು, ಒಂದು ಪಕ್ಕದ ಶಾಕ್ ಬಿಚ್ಚಿ ಹೊಸದು ಹಾಕಿದ ಮೇಲಷ್ಟೇ ಇನ್ನೊಂದು ಪಕ್ಕ ಮುಟ್ಟಬೇಕು. ಆಗ ಸ್ವಿಂಗ್ ಆರ್ಮ್ ಜಾರುವುದಿಲ್ಲ. ವಾಷರುಗಳ ಕ್ರಮ ತಪ್ಪದಿರಲು ಬಿಚ್ಚುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ನಟ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ಕೈಪಿಡಿ ಹೇಳಿದಷ್ಟೇ ಬಿಗಿಸಿ. ಸೈಲೆನ್ಸರ್, ಪಕ್ಕದ ಚೀಲ, ಚೈನ್ ಗಾರ್ಡಿಗೆ ಶಾಕ್ ತಾಗದೆಂದು ಇಬ್ಬರು ಕೂತು ನೋಡಿ. ಬಳಿಕ ಹೊಸದಾಗಿ ಸ್ಯಾಗ್ ಅಳೆದು, ರಿಬೌಂಡನ್ನು ಒಂದೊಂದೇ ಕ್ಲಿಕ್ ತಿರುಗಿಸುತ್ತ, ಪ್ರತಿ ಸಲವೂ ಅದೇ ಕೆಟ್ಟ ರಸ್ತೆಯಲ್ಲಿ ಓಡಿಸಿ ಹೋಲಿಸಿ. ಒಂದೆರಡು ದಿನದ ಓಟದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿ.

ಹಿಂದೆ ಕೂತವರ ಪಾಲು

ಹಿಂದಿನ ಶಾಕಿನ ನೇರ ಮೇಲೆ ಕೂರುವುದು ಸವಾರನಲ್ಲ, ಜೊತೆಯವರು. ಗುಂಡಿ ಅವರ ಕಣ್ಣಿಗೆ ಬೀಳುವುದಿಲ್ಲ, ಹಿಡಿಯಲು ಹ್ಯಾಂಡಲ್ಲಿಲ್ಲ. 2015ರ ಜುಲೈ 28ರಂದು ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯಲ್ಲಿ ಮಳೆನೀರು ತುಂಬಿದ ಗುಂಡಿಗೆ ಬೈಕು ಬಿದ್ದು ಪ್ರಾಣ ಕಳೆದುಕೊಂಡ 16 ವರ್ಷದ ಪ್ರಕಾಶ್ ಬಿಲ್ಹೋರೆ ಹಿಂದಿನ ಸೀಟಿನಲ್ಲಿದ್ದ. ಅವನ ತಂದೆ, ತರಕಾರಿ ಮಾರುವ ದಾದಾರಾವ್ ಬಿಲ್ಹೋರೆ, ಆ ಬಳಿಕ ಕಲ್ಲು ಮಣ್ಣು ಹೊತ್ತು ತಾವೇ ನಗರದ ಗುಂಡಿಗಳನ್ನು ಮುಚ್ಚುತ್ತ ಬಂದರು. 'ಪಾಟ್‌ಹೋಲ್ ದಾದಾ' ಎಂದು ಮುಂಬೈ ಅವರನ್ನು ಗುರುತಿಸಿತು.

ಅಂಥ ಗುಂಡಿಗೆ ಜಗತ್ತಿನ ಯಾವ ಶಾಕೂ ಉತ್ತರವಲ್ಲ. ರಸ್ತೆ ಸರಿಮಾಡುವ ಹೊಣೆ ಪಾಲಿಕೆಯದು. ಕಾಂಕ್ರೀಟ್ ಹಾಕುವಾಗ ಕೀಲುಗಳು ಸಮವಾಗಿರಲಿ, ಪೈಪಿಗಾಗಿ ಅಗೆದ ಕಡೆ ಮೊದಲಿನ ಮಟ್ಟಕ್ಕೇ ಮುಚ್ಚಲಿ, ಬೈಕಿಗೆ ನಿಷಿದ್ಧವಾದ ಸೇತುವೆಗಳ ಕೆಳಗಿನ ರಸ್ತೆಗೂ ಅಷ್ಟೇ ಕಾಳಜಿ ಸಿಗಲಿ ಎಂದು ಕೇಳುವ ಹಕ್ಕು ತೆರಿಗೆ ಕಟ್ಟುವ ಪ್ರತಿ ಸವಾರನಿಗಿದೆ. ಒಳ್ಳೆಯ ಶಾಕ್ ಮಾಡುವುದು ಇಷ್ಟು: ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿದು ಬ್ರೇಕು ಕಚ್ಚುವಂತೆ ನೋಡಿಕೊಳ್ಳುತ್ತದೆ, ಏಟಿನ ನಂತರ ಬೈಕು ದಾರಿ ತಪ್ಪದಂತೆ ತಡೆಯುತ್ತದೆ, ಹಿಂದೆ ಕೂತವರನ್ನು ಸೀಟಿನ ಮೇಲೆಯೇ ಉಳಿಸುತ್ತದೆ. ವೇಗ ಇಳಿಸುವುದು ಮಾತ್ರ ಸವಾರನ ಕೈಯಲ್ಲೇ ಇದೆ.

ಆದ್ದರಿಂದ ಅಂಗಡಿಗೆ ಹೋಗುವಾಗ ನಾಲ್ಕು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ನಿಮ್ಮ ತೂಕ, ಜೊತೆಗಾರರ ತೂಕ, ಖಾಲಿ ಬೈಕಿನ ಸ್ಯಾಗ್, ನೀವು ಕೂತಾಗಿನ ಸ್ಯಾಗ್. ಆ ಚೀಟಿ ಓದಿ, ಅದಕ್ಕೆ ತಕ್ಕ ಸ್ಪ್ರಿಂಗ್ ಯಾವುದೆಂದು ಹೇಳಬಲ್ಲವರ ಹತ್ತಿರವೇ ವ್ಯಾಪಾರ ಮಾಡಿ. ತೂಕ ಕೇಳದೆ ಬಣ್ಣ ಕೇಳುವ ಅಂಗಡಿಯಿಂದ ಬರಿಗೈಲಿ ಹೊರಬಂದರೂ ನಷ್ಟವಿಲ್ಲ.